ಗ್ರಂಥಋಣದಲ್ಲಿ ಇಲ್ಲದ ಹೆಸರು: ಮಂಡ್ಯದ ಒಂದು ಕೃತಿಚೌರ್ಯ ಪ್ರಕರಣ

ಮಳವಳ್ಳಿ ಕಡೆಯ ಹುಡುಗನ ಕಿರುಪ್ರಬಂಧದ 38ನೆಯ ಪುಟದಲ್ಲಿ ನನಗೆ ‘ಚಿಕ್ಕಜ್ಜಿ’ ಸಿಕ್ಕಿತು. ಪದಕೋಶದ ಮಾದರಿಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದ: “ಚಿಕ್ಕಜ್ಜಿ: ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಕಟ್ಟುವ ಕೊಳೆ ನೊರೆಯನ್ನು ತೆಗೆಯಲು ಬಳಸುವ ಉದ್ದ ಹಿಡಿಯ ತೂತು ಸೌಟು.” ಓದಿ ನಕ್ಕೆ. ಮರುಕ್ಷಣ ನಗು ನಿಂತಿತು. ಸೌಟಿಗೆ ಆ ಹೆಸರು ಇರುವುದು ನಾನು ಬಲ್ಲಂತೆ ಒಂದೇ ಕಡೆ, ಪಾಂಡವಪುರ ತಾಲ್ಲೂಕಿನ ಒಂದು ಮನೆಯವರ ಆಲೆಮನೆಯಲ್ಲಿ. ಆ ಮನೆಯ ತಾತನ ತಂಗಿ ವರ್ಷಾನುಗಟ್ಟಲೆ ಆ ಸೌಟನ್ನು ಇನ್ನೊಬ್ಬರ ಕೈಗೆ ಕೊಡದೆ ಕೊಪ್ಪರಿಗೆಯ ಪಕ್ಕ ನಿಂತಿದ್ದರಂತೆ. ಅವರಿಗೆ ಕೈಲಾಗದೆ ಹೋದ ಮೇಲೆ ಮನೆಯ ಮಕ್ಕಳು ಸೌಟನ್ನೇ ಚಿಕ್ಕಜ್ಜಿ ಎಂದು ಕರೆಯತೊಡಗಿದರು. ಈ ಕತೆಯನ್ನು ನನಗೆ ಹೇಳಿದವಳು ಆ ಮನೆಯ ಮೊಮ್ಮಗಳು, ನನ್ನ ವಿದ್ಯಾರ್ಥಿನಿ, ಆ ಹುಡುಗನ ಸಹಪಾಠಿ.

ಒಂದು ಮನೆಯೊಳಗಿನ ತಮಾಷೆ ಜಿಲ್ಲೆಯ ಇನ್ನೊಂದು ತುದಿಗೆ ಹೋಗಿ ‘ಮಳವಳ್ಳಿ ಸುತ್ತಿನ ವೃತ್ತಿಪದ’ ಆಗಲು ಬೇರೆ ದಾರಿಯಿಲ್ಲ. ಯಾರೋ ಹೊತ್ತುಕೊಂಡೇ ಹೋಗಿರಬೇಕು.

ಈ ಬರಹದಲ್ಲಿ ಇಬ್ಬರು ವಿದ್ಯಾರ್ಥಿಗಳ ಗುರುತು ಸಿಗದಂತೆ ತಾಲ್ಲೂಕುಗಳನ್ನು ಬದಲಿಸಿದ್ದೇನೆ. ಸೌಟಿನ ಹೆಸರೂ ಇದಲ್ಲ, ಇಂಥದ್ದೇ ಇನ್ನೊಂದು.

ವಿಷಯ ಹಂಚಿದ ಬಗೆ

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿಗಳಿಗೆ ಅತಿಥಿ ಉಪನ್ಯಾಸಕಿ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯೂ ಕ್ಷೇತ್ರಕಾರ್ಯ ಮಾಡಿ ಒಂದು ಕಿರುಪ್ರಬಂಧ ಸಲ್ಲಿಸಬೇಕು. ಆ ವರ್ಷ ವಿಭಾಗದಲ್ಲಿ ವೃತ್ತಿಪದಗಳ ಸಂಗ್ರಹ ಎಂದು ತೀರ್ಮಾನವಾಯಿತು. ಮಂಡ್ಯದಲ್ಲಿ ಕುಳಿತು ವೃತ್ತಿಪದ ಎಂದರೆ ಕಬ್ಬನ್ನು ದಾಟಿ ಹೋಗುವುದು ಕಷ್ಟ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಇಳಿದು ಬಂತು, 1933ರಲ್ಲಿ ಮೈಶುಗರ್ ಸಕ್ಕರೆ ಕಂಪನಿ ಹುಟ್ಟಿತು, ಕಬ್ಬು ಇಲ್ಲಿನ ಜೀವನವೇ ಆಯಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗಾಣದ ಸದ್ದು ಕೇಳುತ್ತ ಬೆಳೆದವರು.

ಪಾಂಡವಪುರದ ಹುಡುಗಿಗೆ ನಾನು ಕೊಟ್ಟ ವಿಷಯ ಆಲೆಮನೆಯ ವೃತ್ತಿಪದಗಳು. ಮಳವಳ್ಳಿಯ ಹುಡುಗನಿಗೆ ಇನ್ನೊಬ್ಬ ಸಹೋದ್ಯೋಗಿ ಕೊಟ್ಟ ವಿಷಯ ಕಬ್ಬಿನ ಬೇಸಾಯ ಮತ್ತು ಬೆಲ್ಲ ತಯಾರಿಕೆಯ ಪದಗಳು. ಎರಡರ ಅರ್ಧ ಭಾಗ ಒಂದರ ಮೇಲೊಂದು ಕುಳಿತುಕೊಳ್ಳುತ್ತದೆ ಎಂದು ಹೇಳಬೇಕಾದವರು ನಾವು, ಹೇಳಲಿಲ್ಲ. ನಾನು ವಾರದಲ್ಲಿ ಎರಡು ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡುವವಳು ಎಂಬುದು ನಿಜವಾದರೂ ಅದನ್ನು ನೆಪ ಮಾಡಲಾರೆ.

ಹುಡುಗನಿಗೆ ತರಗತಿಯ ಉಳಿದವರಿಗಿಂತ ಮೂರು ವರ್ಷ ಹೆಚ್ಚು. ಪದವಿ ಮುಗಿಸಿ ಕೆಲಸಕ್ಕೆ ಹೋಗಿ, ಅದು ಹಿಡಿಸದೆ ಓದಲು ಮರಳಿದ್ದ. ಬೆಳಗಿನ ಜಾವ ಊರಿನ ಡೇರಿಯಲ್ಲಿ ಹಾಲಿನ ಕ್ಯಾನುಗಳನ್ನು ಎತ್ತಿ, ಆಮೇಲೆ ಬಸ್ಸು ಹಿಡಿದು ಬರುತ್ತಿದ್ದ. ಎಲ್ಲರೂ ಅವನನ್ನು ‘ಅಣ್ಣ’ ಎನ್ನುತ್ತಿದ್ದರು. ಯಾರಿಗೆ ಆಸ್ಪತ್ರೆಗೆ ಹೋಗಬೇಕಾಗಲಿ, ಯಾರ ಅರ್ಜಿ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿರಲಿ, ಮೊದಲು ನೆನಪಾಗುತ್ತಿದ್ದವನು ಅವನು. ಹುಡುಗಿಯ ತಂದೆಗೆ ಎದೆನೋವು ಬಂದ ದಿನ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗುವಾಗ ಜೊತೆಗಿದ್ದವನೂ ಅವನೇ. ಇದನ್ನು ಇಲ್ಲಿ ಹೇಳುವುದು ಅವನಿಗೆ ರಿಯಾಯಿತಿ ಕೊಡಿಸಲು ಅಲ್ಲ. ಗೆಳೆಯರ ನಡುವಿನ ಕೃತಿಚೌರ್ಯ ಏಕೆ ಬಾಯಿಗೆ ಬರುವುದಿಲ್ಲ ಎಂಬುದು ಇದನ್ನು ತಿಳಿಯದೆ ಅರ್ಥವಾಗುವುದಿಲ್ಲ.

ಅಂಗಡಿಯಲ್ಲಿ

ಮೊದಲು ಅವನನ್ನು ಒಬ್ಬನನ್ನೇ ಕರೆದು ಕೇಳಿದೆ. “ಈ ಪದ ನಿನಗೆ ಯಾರು ಹೇಳಿದರು?”

“ನಮ್ಮೂರಿನ ಆಲೆಮನೆಯವರು ಮೇಡಂ.”

“ಹೆಸರು?”

ಹೆಸರು ಬರಲಿಲ್ಲ. ಸ್ವಲ್ಪ ಹೊತ್ತು ಕಳೆದು, ಟೈಪ್ ಮಾಡಿದ ಅಂಗಡಿಯಲ್ಲಿ ಏನೋ ಅದಲುಬದಲಾಗಿರಬೇಕು ಎಂದ. ಕಾಲೇಜಿನ ಸುತ್ತ ಇರುವ ಡಿಟಿಪಿ ಅಂಗಡಿಗಳಲ್ಲಿ ಪ್ರಬಂಧಗಳು ಹುಟ್ಟುವ ಬಗೆ ಗೊತ್ತಿರುವುದರಿಂದ ಆ ಮಾತನ್ನು ಒಮ್ಮೆಗೇ ತಳ್ಳಿಹಾಕಲು ಮನಸ್ಸಾಗಲಿಲ್ಲ. ವಿದ್ಯಾರ್ಥಿಗಳು ಕೈಬರಹದ ಹಾಳೆ ಕೊಡುತ್ತಾರೆ, ಅಂಗಡಿಯವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ, ಕಳೆದ ವರ್ಷದ ಯಾರದೋ ಪ್ರಮಾಣಪತ್ರದ ಪುಟದಲ್ಲಿ ಹೆಸರು ಬದಲಿಸಿ ಮುಂದೆ ಅಂಟಿಸುತ್ತಾರೆ. ಒಮ್ಮೆ ನನ್ನ ಮುಂದೆ ಬಂದ ಪ್ರಬಂಧವೊಂದರ ಕೃತಜ್ಞತೆಯಲ್ಲಿ ವಿದ್ಯಾರ್ಥಿನಿ ತನ್ನ ಹೆಂಡತಿಗೆ ಧನ್ಯವಾದ ಹೇಳಿದ್ದಳು.

ಸಂಜೆ ಅಂಗಡಿಗೆ ಹೋದೆ. ಟೈಪ್ ಮಾಡುವ ಹೆಣ್ಣುಮಗಳು ಹಳೆಯ ಪರಿಚಯ. ಮುಚ್ಚುಮರೆ ಇಲ್ಲದೆ ಹೇಳಿದಳು: “ಅಣ್ಣ ಮೂವತ್ತು ಹಾಳೆ ಬರೆದು ಕೊಟ್ಟಿದ್ದರು ಮೇಡಂ. ಪುಟ ಸಾಲದು ಅಂದೆ. ಆಮೇಲೆ ಮೊಬೈಲಿಂದ ಒಂದು ಫೈಲ್ ಕಳಿಸಿದರು. ಬೆಲ್ಲದ ಭಾಗಕ್ಕೆ ಇದರಲ್ಲಿರುವುದನ್ನು ಹಾಕಿ, ಪಾಂಡವಪುರ ಅಂತ ಇರುವ ಕಡೆ ಮಳವಳ್ಳಿ ಮಾಡಿ ಅಂದರು. ಮಾಡಿಕೊಟ್ಟೆ.” ತಾನು ಮಾಡಿದ್ದು ತಪ್ಪು ಎಂಬ ಭಾವನೆ ಅವಳ ಮುಖದಲ್ಲಿ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಅವಳ ಲೆಕ್ಕ ಪುಟಕ್ಕೆ ಇಷ್ಟು ರೂಪಾಯಿ.

ಫೈಲ್ ಹುಡುಗಿಯದು. ಅವಳೇ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಅಂಚು ಎಷ್ಟು ಬಿಡಬೇಕು, ಅಧ್ಯಾಯ ಹೇಗೆ ವಿಂಗಡಿಸಬೇಕು ನೋಡುತ್ತೇನೆ ಎಂದು ಅವನು ಕೇಳಿದ್ದನಂತೆ. ಆಮೇಲೆ ಇಬ್ಬರೂ ನನ್ನೆದುರು ನಿಂತಾಗ ಅವನು ಹೇಳಿದ ಮಾತು, “ಕೊಡುವಾಗ ಏನೂ ಹೇಳಲಿಲ್ಲವಲ್ಲ.” ಅವಳು ಹೇಳಿದ್ದು, “ಅಣ್ಣ, ನಾನು ನೋಡಲು ಕೊಟ್ಟಿದ್ದು.”

ಈ ‘ನೋಡಲು’ ಎಂಬ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ನೋಡಿ ಬರೆಯುವುದನ್ನು. ಕಾಪಿ ಬರೆದು ತರಲಿಲ್ಲ ಎಂದು ಏಟು ತಿಂದವಳು ನಾನೂ. ಬಿ.ಎ. ಮುಗಿಯುವವರೆಗೂ ಒಬ್ಬರ ನೋಟ್ಸ್ ಹತ್ತು ಜನರ ಕೈ ದಾಟಿ ಹತ್ತು ಅಸೈನ್‌ಮೆಂಟ್ ಆಗುತ್ತದೆ, ನಾವು ಹತ್ತಕ್ಕೂ ಅಂಕ ಕೊಡುತ್ತೇವೆ. ಎಂ.ಎ.ಯ ನಾಲ್ಕನೆಯ ಸೆಮಿಸ್ಟರಿಗೆ ಬಂದೊಡನೆ ಅದೇ ಕೆಲಸಕ್ಕೆ ಕೃತಿಚೌರ್ಯ ಎಂಬ ದೊಡ್ಡ ಹೆಸರು ಇಡುತ್ತೇವೆ.

ತಂತ್ರಾಂಶ ಕಂಡದ್ದು ಶೇಕಡ ಮೂರು

ಗ್ರಂಥಪಾಲಕರು ತಮಗೆ ಲಭ್ಯವಿದ್ದ ಕೃತಿಚೌರ್ಯ ಪತ್ತೆಯ ತಂತ್ರಾಂಶದಲ್ಲಿ ಹುಡುಗನ ಪ್ರಬಂಧವನ್ನು ಹಾಕಿ ನೋಡಿದರು. ಹೋಲಿಕೆ ಶೇಕಡ 3. ವಿಭಾಗದ ಮುಖ್ಯಸ್ಥರ ಮುಖ ಅರಳಿತು. “ನೋಡಿ, ಏನೂ ಇಲ್ಲ. ಮನೆಯ ಮಾತು ಮನೆಯಲ್ಲೇ ಮುಗಿಸೋಣ.”

ಆ ಮೂರು ಎಲ್ಲಿಂದ ಬಂತು ಎಂದು ನೋಡಿದರೆ ಮುಖಪುಟದ ಇಂಗ್ಲಿಷ್ ಸಾಲುಗಳು. ಕನ್ನಡದ ಒಂದು ಪದವನ್ನೂ ಅದು ಓದಿರಲಿಲ್ಲ. ಕಾರಣ ಸರಳ. ನುಡಿಯ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರು ಉಳಿಸಿಕೊಳ್ಳುವುದು ಕನ್ನಡದ ಅಕ್ಷರಗಳನ್ನಲ್ಲ. ಒಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳು, ಅವುಗಳ ಮೇಲೆ ಕನ್ನಡದ ಆಕಾರದ ಮುಖವಾಡ. ಫಾಂಟ್ ಬದಲಿಸಿದರೆ ‘ಕನ್ನಡ’ ಎಂಬ ಪದದ ನಡುವೆ ಬ್ರಿಟನ್ನಿನ ಪೌಂಡ್ ಗುರುತು ಎದ್ದು ಕೂರುತ್ತದೆ. ಜಾಲತಾಣಗಳಲ್ಲಿ ಇರುವ ಕನ್ನಡ ಯೂನಿಕೋಡಿನಲ್ಲಿದೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಪದ್ಧತಿಯಲ್ಲಿ. ಎರಡೂ ಒಂದೇ ವಾಕ್ಯವಾದರೂ ಯಂತ್ರದ ಕಣ್ಣಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಇಷ್ಟಾಗಿ ಯೂನಿಕೋಡಿಗೆ ಪರಿವರ್ತಿಸಿ ಹಾಕಿದ್ದರೂ ಈ ಪ್ರಕರಣ ಸಿಗುತ್ತಿರಲಿಲ್ಲ. ಹುಡುಗಿಯ ಪ್ರಬಂಧ ಆಗಿನ್ನೂ ಎಲ್ಲಿಯೂ ಸಲ್ಲಿಕೆಯಾಗಿರಲಿಲ್ಲ. ತಂತ್ರಾಂಶ ತನ್ನ ಕಣಜದಲ್ಲಿ ಇರುವುದರ ಜೊತೆ ಮಾತ್ರ ತಾಳೆ ನೋಡುತ್ತದೆ. ಪಕ್ಕದ ಬೆಂಚಿನಲ್ಲಿ ಕುಳಿತವಳ ಫೈಲು ಅದರ ಕಣಜದಲ್ಲಿ ಇರುವುದಿಲ್ಲ.

ಗ್ರಂಥಪಾಲಕರು ಜಾಣರು. ಎರಡೂ ಪ್ರಬಂಧ ಒಂದೇ ಅಂಗಡಿಯಲ್ಲಿ, ಒಂದೇ ಫಾಂಟಿನಲ್ಲಿ ಟೈಪ್ ಆಗಿದ್ದವು. ಹಾಗಾಗಿ ಮುಖವಾಡದ ಒಳಗಿನ ಸಂಕೇತಗಳೂ ಒಂದೇ. ಎರಡು ಕಡತಗಳನ್ನು ಹೋಲಿಸಿ ವ್ಯತ್ಯಾಸ ತೋರಿಸುವ ಸಾಮಾನ್ಯ ಸೌಲಭ್ಯ ವರ್ಡ್‌ನಲ್ಲೇ ಇದೆ. ಅದರಲ್ಲಿ ಹಾಕಿದರು. ಹತ್ತೇ ನಿಮಿಷದಲ್ಲಿ ಪರದೆಯ ಮೇಲೆ ಉತ್ತರ ಇತ್ತು: ಸಾಲು ಬಿಡದೆ ಮೂವತ್ತನಾಲ್ಕು ಪುಟ. ಬದಲಾಗಿದ್ದುದು ತಾಲ್ಲೂಕಿನ ಹೆಸರು ಮಾತ್ರ. ಒಂದು ಕಡೆ ಅದೂ ತಪ್ಪಿಹೋಗಿ ಪಾಂಡವಪುರ ಪಾಂಡವಪುರವಾಗಿಯೇ ಉಳಿದಿತ್ತು.

ಹುಡುಗಿಯ ಹೆದರಿಕೆ

ವಿಷಯ ತಿಳಿಸಿದಾಗ ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ ಮೊದಲ ಪ್ರಶ್ನೆ, “ಕೊಟ್ಟದ್ದಕ್ಕೆ ನನಗೂ ಶಿಕ್ಷೆ ಆಗುತ್ತದೆಯೇ ಮೇಡಂ?” ಎರಡನೆಯದು, “ದೂರು ಕೊಡಲೇಬೇಕೇ?”

ಕೊಡಬೇಕಾಗಿರಲಿಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿಯ ಪ್ರಕಾರ ಶೈಕ್ಷಣಿಕ ಸಮುದಾಯದ ಯಾರು ಬೇಕಾದರೂ ತಕ್ಕ ಪುರಾವೆಯೊಂದಿಗೆ ವಿಭಾಗದ ಸಮಿತಿಗೆ ವಿಷಯ ತಿಳಿಸಬಹುದು. ಸಂಸ್ಥೆ ತಾನಾಗಿಯೇ ಕೈಗೆತ್ತಿಕೊಳ್ಳಲೂ ಅವಕಾಶ ಇದೆ. ಕಳೆದುಕೊಂಡವರು ಬಂದು ಕಟಕಟೆ ಹತ್ತಬೇಕೆಂಬ ಷರತ್ತು ಇಲ್ಲ. ಇದನ್ನು ಎಷ್ಟು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳಿದ್ದಾರೋ! ಪುರಾವೆ ಕಂಡಿದ್ದು ನಾನು, ಆದ್ದರಿಂದ ಪತ್ರ ಬರೆದದ್ದೂ ನಾನು. ಅವಳ ಹೆಸರಿನ ಕೆಳಗೆ ಸಹಿ ಹಾಕಿಸಿಕೊಂಡು ಹಿಂದೆ ನಿಲ್ಲುವುದು ನನ್ನಂಥ ಅತಿಥಿ ಉಪನ್ಯಾಸಕಿಗೆ ಸುರಕ್ಷಿತ ದಾರಿಯಾಗಿತ್ತು. ಮುಂದಿನ ವರ್ಷದ ನೇಮಕದ ಪಟ್ಟಿ ಮುಖ್ಯಸ್ಥರ ಮೇಜಿನಿಂದಲೇ ಹೊರಡುತ್ತದೆ.

ಆದರೂ ತರಗತಿಯವರ ಪಾಲಿಗೆ ದೂರು ಕೊಟ್ಟವಳು ಅವಳೇ. ನಾನೇ ಹೋಗಿ ತರಗತಿಯಲ್ಲಿ ನಿಂತು, ಪತ್ರ ನನ್ನದು ಎಂದು ಹೇಳಿದೆ. ಯಾರೂ ನಂಬಿದಂತೆ ಕಾಣಲಿಲ್ಲ. ಹತ್ತು ಹದಿನೈದು ದಿನ ಅವಳ ಪಕ್ಕದ ಜಾಗ ಖಾಲಿ ಇತ್ತು. “ಒಂದು ಸೌಟಿಗೋಸ್ಕರ ಒಬ್ಬರ ವರ್ಷ ಹಾಳು ಮಾಡಿದಳು” ಎಂಬ ಮಾತು ಕಾರಿಡಾರಿನಲ್ಲಿ ನನ್ನ ಕಿವಿಗೂ ಬಿತ್ತು. ಜಂಬದವಳು, ಕಷ್ಟಕ್ಕೆ ಆದವರನ್ನು ಮರೆತವಳು ಎಂದೂ ಅಂದರು. ಅವಳು ಮಧ್ಯಾಹ್ನದ ಊಟದ ಡಬ್ಬಿಯನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ತೆರೆಯುತ್ತಿದ್ದಳು. ನಿಯಮಾವಳಿಯಲ್ಲಿ ಇದಕ್ಕೆ ಕಲಮು ಇಲ್ಲ.

ಸಮಿತಿಯ ಮುಂದೆ

ಮುಖ್ಯಸ್ಥರು ಕೊನೆಗೂ ಸಮಿತಿ ಕರೆದರು. ನಿಯಮದಲ್ಲಿ ಹೇಳಿದಂತೆ ಮೂವರು: ಅಧ್ಯಕ್ಷರಾಗಿ ವಿಭಾಗದ ಮುಖ್ಯಸ್ಥರು, ವಿಭಾಗದ ಹೊರಗಿನ ಹಿರಿಯ ಅಧ್ಯಾಪಕರೊಬ್ಬರು, ತಂತ್ರಾಂಶ ಬಲ್ಲವರೊಬ್ಬರು. ನಮ್ಮಲ್ಲಿ ಎರಡನೆಯವರು ಇತಿಹಾಸದ ಮೇಷ್ಟ್ರು, ಮೂರನೆಯವರು ಅದೇ ಗ್ರಂಥಪಾಲಕರು. ವರದಿಗೆ 45 ದಿನಗಳ ಗಡುವು.

ಹುಡುಗ ಆ ವೇಳೆಗೆ ಅಂಗಡಿಯ ಮೇಲೆ ಹೊರಿಸುವುದನ್ನು ಬಿಟ್ಟಿದ್ದ. ಹೊಸ ವಾದವೊಂದನ್ನು ತಂದಿದ್ದ, ಅದು ನಿಜಕ್ಕೂ ಯೋಚಿಸಬೇಕಾದ ವಾದ. “ಸರ್, ಗಾಣ, ಕೊಪ್ಪರಿಗೆ, ಅಚ್ಚು, ಪಾಕ, ಇವೆಲ್ಲ ಅವಳು ಹುಟ್ಟಿಸಿದ ಪದಗಳಲ್ಲವಲ್ಲ. ಊರಿನವು. ನಾನು ಹೋಗಿ ಕೇಳಿದ್ದರೂ ಇವೇ ಸಿಗುತ್ತಿದ್ದವು. ಊರಿನ ಪದವನ್ನು ಕದಿಯುವುದು ಎಂದರೇನು?”

ಮುಖ್ಯಸ್ಥರು ನನ್ನ ಕಡೆ ನೋಡಿದರು. ಪದಗಳು ಊರಿನವು ಎಂಬುದನ್ನು ನಾನು ಒಪ್ಪಿದೆ. ‘ಕೊಪ್ಪರಿಗೆ’ ಎರಡು ಪ್ರಬಂಧಗಳಲ್ಲೂ ಬಂದರೆ ಯಾರೂ ಕೇಳುವುದಿಲ್ಲ, ಬರದಿದ್ದರೆ ಕೇಳಬೇಕು. ಆದರೆ ಆ ಪದಕ್ಕೆ ಕೊಟ್ಟ ವಿವರಣೆಯ ವಾಕ್ಯ, ಪದಗಳನ್ನು ಗಾಣದಿಂದ ಅಚ್ಚಿನವರೆಗೆ ಕೆಲಸದ ಕ್ರಮದಲ್ಲಿ ಜೋಡಿಸಿದ್ದು, ಯಾವ ಪದವನ್ನು ಯಾರ ಬಾಯಿಂದ ಕೇಳಿದೆ ಎಂಬುದು, ಇವು ಊರಿನವಲ್ಲ. ಇವು ನಾಲ್ಕು ತಿಂಗಳು ಹೊಗೆಯಲ್ಲಿ ಕುಳಿತವಳ ಕೆಲಸ. “ನೀನು ಹೋಗಿ ಕೇಳಿದ್ದರೆ ಇವೇ ಸಿಗುತ್ತಿದ್ದವು ಎನ್ನುತ್ತೀಯಲ್ಲ, ಚಿಕ್ಕಜ್ಜಿ ಸಿಗುತ್ತಿದ್ದಳೇ?” ಎಂದು ಕೇಳಿದೆ. ಅವನು ಆ ಪದದ ಕತೆಯನ್ನು ಮೊದಲ ಬಾರಿ ಕೇಳಿದ್ದು ಅಲ್ಲೇ. ತಲೆ ತಗ್ಗಿಸಿದ. ಅವನ ಮುಖದಲ್ಲಿ ನಾಚಿಕೆಗಿಂತ ಮೊದಲು ಒಂದು ಸಣ್ಣ ನಗು ಬಂದು ಹೋದದ್ದನ್ನು ನಾನು ನೋಡಿದೆ.

ಗ್ರಂಥಪಾಲಕರು ಅಲ್ಲಿ ಇನ್ನೊಂದು ತಮಾಷೆ ಎತ್ತಿದರು. ನಿಯಮದ ಪ್ರಕಾರ ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದಿಕೆಯಾಗುವ, ಸತತ 14 ಪದಗಳವರೆಗಿನ ಭಾಗವನ್ನು ಹೋಲಿಕೆಯ ಲೆಕ್ಕದಿಂದ ಬಿಡಬಹುದು. ಚಿಕ್ಕಜ್ಜಿಯ ವಿವರಣೆಯನ್ನು ಎಣಿಸಿದರು. ಸರಿಯಾಗಿ 14! ಮೊದಲ ಪದವನ್ನೂ ಸೇರಿಸಿದರೆ ಮಾತ್ರ 15. ಕಳ್ಳತನವನ್ನು ಹಿಡಿದುಕೊಟ್ಟ ಸಾಲೇ ಎಣಿಕೆಯ ಗಡಿಯಲ್ಲಿ ಒಂದು ಪದದಿಂದ ಉಳಿದುಕೊಂಡಿತ್ತು. ಇಂಗ್ಲಿಷಿನಲ್ಲಿ ಹದಿನಾಲ್ಕು ಪದಗಳಿಗೆ ಒಂದು ಸಣ್ಣ ವಾಕ್ಯ ಮುಗಿಯುತ್ತದೆ. ಕನ್ನಡದಲ್ಲಿ ವಿಭಕ್ತಿಯೂ ಕಾಲವೂ ಪದದೊಳಗೇ ಸೇರಿಕೊಳ್ಳುವುದರಿಂದ ಹದಿನಾಲ್ಕು ಪದಗಳಲ್ಲಿ ಒಂದು ಉಪಕರಣ, ಅದರ ಕೆಲಸ, ಅದರ ಆಕಾರ ಎಲ್ಲವೂ ಹಿಡಿಸುತ್ತದೆ. ಅಳತೆಯ ಕೋಲು ನಮ್ಮ ಭಾಷೆಯನ್ನು ನೋಡಿ ಮಾಡಿದ್ದಲ್ಲ.

ಇನ್ನು ಶೇಕಡ. ಪ್ರಬಂಧ ಒಟ್ಟು 90 ಪುಟ. ನಕಲಾದದ್ದು 34. ಭಾಗಿಸಿದರೆ ಸುಮಾರು 38. ಆದರೆ ವಿಷಯಸೂಚಿ, ಕೃತಜ್ಞತೆ, ಗ್ರಂಥಋಣ ಮುಂತಾದವನ್ನು ಹೋಲಿಕೆಯ ಪರೀಕ್ಷೆಯಿಂದ ಹೊರಗಿಡಬೇಕು ಎಂದು ನಿಯಮದಲ್ಲಿದೆ. ಅಂಥ ಪುಟಗಳು 12. ಉಳಿದ 78ರಲ್ಲಿ 34 ಎಂದರೆ ಸುಮಾರು 44. ಈ ಎರಡು ಅಂಕಿಗಳ ನಡುವೆ ಒಂದು ಗೋಡೆ ಇದೆ. ಶೇಕಡ 10ರವರೆಗೆ ದಂಡನೆ ಇಲ್ಲ. 10ರಿಂದ 40ರವರೆಗೆ, ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗೆ ಒಂದು ವರ್ಷ ಸಲ್ಲಿಸುವಂತೆಯೇ ಇಲ್ಲ. 60 ದಾಟಿದರೆ ನೋಂದಣಿ ರದ್ದು. ಹನ್ನೆರಡು ಪುಟಗಳ ಎಣಿಕೆಯ ಮೇಲೆ ಹುಡುಗನ ಆರು ತಿಂಗಳು ಅಥವಾ ಒಂದು ವರ್ಷ ನಿಂತಿತ್ತು.

ಗ್ರಂಥಪಾಲಕರು 44 ಎಂದರು. ಮುಖ್ಯಸ್ಥರು 38 ಎಂದರು. ಇತಿಹಾಸದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ನಿಯಮಾವಳಿಯ ವ್ಯಾಖ್ಯೆಯ ಪುಟ ತೆಗೆಯಲು ಹೇಳಿದರು. ಅದರಲ್ಲಿ ಸ್ನಾತಕೋತ್ತರ ಮಟ್ಟದ ಪ್ರಬಂಧ ಸೇರುತ್ತದೆ, ಅಸೈನ್‌ಮೆಂಟ್ ಮತ್ತು ಪ್ರಾಜೆಕ್ಟ್ ವರದಿ ಸೇರುವುದಿಲ್ಲ. ನಮ್ಮ ವಿದ್ಯಾರ್ಥಿಗಳ ಮುಖಪುಟದ ಮೇಲೆ ‘ಕಿರುಪ್ರಬಂಧ’ ಎಂದಿದೆ. ಪಠ್ಯಕ್ರಮದ ಪುಸ್ತಕದಲ್ಲಿ ಅದೇ ಪತ್ರಿಕೆಯ ಹೆಸರು ‘ಪ್ರಾಜೆಕ್ಟ್’. ಅಂದರೆ ಇಡೀ ನಿಯಮಾವಳಿ ನಮಗೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬುದೇ ಒಂದು ಪದದ ಮೇಲೆ ನಿಂತಿತ್ತು. ವೃತ್ತಿಪದಗಳ ಸಂಗ್ರಹಕ್ಕೆ ತಕ್ಕ ಜಗಳ!

ಕೊನೆಗೆ, ನಿಯಮವನ್ನು ದಾರಿದೀಪ ಎಂದು ಇಟ್ಟುಕೊಂಡು ವಿಭಾಗದ ತೀರ್ಮಾನ ಎಂದು ಬರೆದುಕೊಂಡರು: ಬೆಲ್ಲದ ಭಾಗವನ್ನು ಪೂರ್ತಿ ತೆಗೆದುಹಾಕಿ, ಹೊಸದಾಗಿ ಕ್ಷೇತ್ರಕಾರ್ಯ ಮಾಡಿ, ಆರು ತಿಂಗಳೊಳಗೆ ಸಲ್ಲಿಸಬೇಕು. ಲೆಕ್ಕದ ಪ್ರಕಾರ ಗ್ರಂಥಪಾಲಕರು ಹೇಳಿದ್ದೇ ಸರಿ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆ ಮೌನವನ್ನು ಸಮರ್ಥಿಸಿಕೊಳ್ಳಲಾರೆ. ಇನ್ನೊಮ್ಮೆ ಅದೇ ಕುರ್ಚಿಯಲ್ಲಿ ಕೂರಿಸಿದರೂ ಬಾಯಿ ಬಿಡುತ್ತೇನೆ ಎಂದು ಹೇಳಲಾರೆ.

ಅದಕ್ಕೆ ಕಾರಣ ಅವನ ಮೂವತ್ತು ಹಾಳೆಗಳು. ಸಮಿತಿಗೆ ಮೊದಲೇ ಡಿಟಿಪಿ ಅಂಗಡಿಯಿಂದ ಅವನ ಕೈಬರಹವನ್ನು ತರಿಸಿಕೊಂಡು ಓದಿದ್ದೆ. ಅವನ ತಾಯಿ ಕಬ್ಬು ಕಡಿಯುವ ಕೂಲಿ. ಆ ಹಾಳೆಗಳಲ್ಲಿ ಗಾಣವೂ ಇಲ್ಲ, ಕೊಪ್ಪರಿಗೆಯೂ ಇಲ್ಲ, ಗದ್ದೆ ಇದೆ. ಸೋಗೆ, ತರಗು, ಜಲ್ಲೆ, ಮೊದಲ ಕೂಳೆ, ಎರಡನೆಯ ಕೂಳೆ. ಕಡಿದ ಬುಡದಿಂದ ಮತ್ತೆ ಬರುವ ಕೂಳೆ ಚೆನ್ನಾಗಿ ಚಿಗುರಬೇಕಾದರೆ ನೆಲಕ್ಕೆ ಹತ್ತಿಸಿ ಕಡಿಯಬೇಕೆಂದೂ, ಆದರೆ ಹಾಗೆ ಬಾಗಿ ಕಡಿದರೆ ಸಂಜೆಗೆ ಸೊಂಟ ಎತ್ತಲಾಗುವುದಿಲ್ಲವೆಂದೂ, ಹೊಲದ ಒಡೆಯ ಬದುವಿನ ಮೇಲೆ ನಿಂತಿರುವಾಗ ಮಾತ್ರ ಕತ್ತಿ ನೆಲ ಮುಟ್ಟುತ್ತದೆಂದೂ ಬರೆದಿದ್ದ. ಎಲೆಯ ಅಂಚು ಮೊಳಕೈಗೆ ಹಾಕುವ ಗೀರುಗಳನ್ನು ಬರೆದಿದ್ದ. ಹಸುವಿಗೆಂದು ಸೋಗೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ಬರುವ ಹೆಂಗಸರು ದಾರಿಯಲ್ಲಿ ಒಬ್ಬರಿಗೊಬ್ಬರು ಏನು ಮಾತನಾಡಿಕೊಳ್ಳುತ್ತಾರೆ ಎಂಬುದಕ್ಕೆ ಎರಡು ಪುಟ. ವರ್ಷಗಳಿಂದ ವಿದ್ಯಾರ್ಥಿಗಳ ಪ್ರಬಂಧ ಓದುತ್ತಿರುವ ನನಗೆ ಅಂಥ ಬರವಣಿಗೆ ಅಪರೂಪ. ಹುಡುಗಿಯ ಪ್ರಬಂಧದಲ್ಲೂ ಅದು ಇರಲಿಲ್ಲ. ಅವಳದು ಶಿಸ್ತಿನ ಕೆಲಸ, ಇದು ಬೇರೆ.

“ಇಷ್ಟು ಬರೆದವನು ಅವಳದನ್ನು ಏಕೆ ಎತ್ತಿಕೊಂಡೆ?” ಎಂದು ಕೇಳಿದೆ.

“ಅವಳದು ಪುಸ್ತಕದ ಥರ ಇತ್ತು ಮೇಡಂ. ನನ್ನದರಲ್ಲಿ ಇರುವುದು ಪದಗಳೇ? ಅಮ್ಮ ಮನೆಯಲ್ಲಿ ಆಡುವ ಮಾತು ಅದು.”

ಮುಖ್ಯಸ್ಥರ ಕಡತದಲ್ಲಿ ಈ ಉತ್ತರ ದಾಖಲಾಗಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಬುಡ ಅಲ್ಲೇ ಇದೆ. ಅವನಿಗೆ ಸೋಮಾರಿತನ ಇರಲಿಲ್ಲ, ವಿಷಯದ ಬಡತನವಂತೂ ಇರಲೇ ಇಲ್ಲ. ತನ್ನ ಮನೆಯ ಮಾತು ಪ್ರಬಂಧಕ್ಕೆ ಯೋಗ್ಯವಲ್ಲ ಎಂದು ಅವನಿಗೆ ಯಾರೋ ಕಲಿಸಿದ್ದರು. ಎರಡು ವರ್ಷ ಅವನಿಗೆ ಪಾಠ ಹೇಳಿದವರಲ್ಲಿ ನಾನೂ ಒಬ್ಬಳು.

ಚಿಕ್ಕಜ್ಜಿಯ ಪಾಲು

ಸಮಿತಿ ಏಳುವ ಹೊತ್ತಿಗೆ ಇತಿಹಾಸದ ಮೇಷ್ಟ್ರು ಹುಡುಗಿಯ ಪ್ರಬಂಧವನ್ನು ಕೈಗೆತ್ತಿಕೊಂಡು ಕೊನೆಯ ಪುಟಗಳನ್ನು ತಿರುವಿದರು. ಕನ್ನಡದಲ್ಲಿ ಆಕರಗಳ ಪಟ್ಟಿಗೆ ಗ್ರಂಥಋಣ ಎನ್ನುತ್ತೇವೆ. ತಮ್ಮ ವಿಭಾಗದಲ್ಲಿ ಇದಕ್ಕೆ ಇಷ್ಟು ಚಂದದ ಹೆಸರಿಲ್ಲ ಎಂದರು. ಅದರ ಕೆಳಗೆ ವಕ್ತೃಗಳ ಪಟ್ಟಿ ಇತ್ತು, ಜಾನಪದ ಕ್ಷೇತ್ರಕಾರ್ಯದಲ್ಲಿ ಮಾಹಿತಿ ಹೇಳಿದವರನ್ನು ಹಾಗೆನ್ನುತ್ತೇವೆ. ದೊಡ್ಡಪ್ಪ, ಗಾಣಕ್ಕೆ ಕಬ್ಬು ಕೊಡುವ ಇಬ್ಬರು, ಪಾಕ ನೋಡುವವರು ಒಬ್ಬರು, ಹೀಗೆ ಇನ್ನೂ ಕೆಲವರು. ಎಲ್ಲ ಸೇರಿ ಏಳು ಗಂಡಸರು.

“ಆ ಅಜ್ಜಿಯ ಹೆಸರು ಎಲ್ಲಿ?”

ಹುಡುಗಿಯ ಮುಖ ಕೆಂಪಾಯಿತು. “ಅವರು ಮನೆಯವರಲ್ಲವೇ ಸರ್.”

“ಈ ಅಧ್ಯಾಯದಲ್ಲಿ ಅವರು ಹೇಳಿದ್ದು ಎಷ್ಟು?”

ಲೆಕ್ಕ ಹಾಕಿದರೆ ಅರ್ಧ. ನೊರೆ ಯಾವಾಗ ತೆಗೆಯಬೇಕು, ಬೆಂಡೆ ಗಿಡದ ಲೋಳೆ ಎಷ್ಟು ಹಾಕಬೇಕು, ಸುಣ್ಣ ಹೆಚ್ಚಾದರೆ ಬೆಲ್ಲದ ಬಣ್ಣ ಹೇಗೆ ತಿರುಗುತ್ತದೆ, ಇವೆಲ್ಲ ಚಿಕ್ಕಜ್ಜಿ ಒಲೆಯ ಮುಂದೆ ಕುಳಿತು ಹೇಳಿದ್ದವು. ‘ಹಿರಿಯರೊಬ್ಬರು ಹೇಳುವಂತೆ’ ಎಂಬ ಎರಡು ಪದಗಳಲ್ಲಿ ಆ ಮುದುಕಿ ಮುಗಿದುಹೋಗಿದ್ದರು. ಅಷ್ಟೇ ಅಲ್ಲ, ಒಂದು ಮನೆಯ ಒಳಗಿನ ಹೆಸರನ್ನು ಯಾವ ಟಿಪ್ಪಣಿಯೂ ಇಲ್ಲದೆ ತಾಲ್ಲೂಕಿನ ವೃತ್ತಿಪದ ಎಂದು ಪಟ್ಟಿಗೆ ಸೇರಿಸಿದ್ದಳು. ಕತೆ ನನಗೆ ಗೊತ್ತಿತ್ತು, ಕರಡು ನಾನು ತಿದ್ದಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ಶಿಕ್ಷೆಯ ಮಾತು ಬರಲಿಲ್ಲ. ಫೈಲ್ ಕೊಟ್ಟದ್ದು ತಪ್ಪಲ್ಲ ಎಂದು ಸಮಿತಿ ಬರೆದುಕೊಟ್ಟಿತು. ಅವಳು ತಾನಾಗಿಯೇ ಪ್ರಬಂಧವನ್ನು ಹಿಂದಕ್ಕೆ ಪಡೆದು, ಒಂದು ವಾರದಲ್ಲಿ ಎರಡು ಪುಟ ತಿದ್ದಿ ತಂದಳು. ವಕ್ತೃಗಳ ಪಟ್ಟಿಯಲ್ಲಿ ಮೊದಲ ಹೆಸರು ಚಿಕ್ಕಜ್ಜಿಯದು, ಪಕ್ಕದಲ್ಲಿ ವಯಸ್ಸು 81.

ಹುಡುಗನ ಫಲಿತಾಂಶ ತಡೆಯಾಯಿತು. ಆ ವರ್ಷ ಬಿ.ಇಡಿ.ಗೆ ಅರ್ಜಿ ಹಾಕಲಾಗಲಿಲ್ಲ. ಮೊದಲ ಎರಡು ತಿಂಗಳು ಫೋನ್ ಎತ್ತಲಿಲ್ಲ. ಹುಡುಗಿ ಒಮ್ಮೆ ಅವನ ಊರಿನ ಬಸ್ಸು ಹತ್ತಿ ಹೋಗಿದ್ದಳಂತೆ. ಏನು ಮಾತಾಯಿತು ಎಂದು ನಾನು ಕೇಳಲಿಲ್ಲ. ಮೂರನೆಯ ತಿಂಗಳು ಅವನೇ ಕರೆ ಮಾಡಿ, ಆಲೆಮನೆಗೆ ಹೋಗುತ್ತಿದ್ದೇನೆ, ಏನೇನು ಕೇಳಬೇಕು ಎಂದ. ಏನೂ ಹೇಳಿಕೊಡುವುದಿಲ್ಲ, ಹೋಗಿ ಕುಳಿತುಕೋ ಎಂದೆ.

ಐದನೆಯ ತಿಂಗಳ ಕೊನೆಗೆ ಹೊಸ ಪ್ರಬಂಧ ಬಂತು, ಈ ಬಾರಿ ಅವನೇ ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದು. ಹಳೆಯದಕ್ಕಿಂತ ಇಪ್ಪತ್ತು ಪುಟ ಕಡಿಮೆ. ವಕ್ತೃಗಳ ಪಟ್ಟಿಯಲ್ಲಿ ತಾಯಿಯ ಹೆಸರಿನ ಮುಂದೆ ಉದ್ಯೋಗ ಎಂಬಲ್ಲಿ ‘ಕಬ್ಬು ಕಡಿಯುವುದು, 26 ವರ್ಷ’ ಎಂದು ಬರೆದಿದ್ದ. ನಾನು ನೇರವಾಗಿ ಬೆಲ್ಲದ ಅಧ್ಯಾಯಕ್ಕೆ ಹೋದೆ. ಸೌಟಿನ ನಮೂದು ಹೀಗಿತ್ತು:

“ತೂತು ಸೌಟು: ನಾನು ಹೋದ ಮೂರು ಆಲೆಮನೆಗಳಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ‘ಅದನ್ನು ಕೊಡು’ ಎನ್ನುತ್ತಾರೆ. ಪಾಂಡವಪುರ ತಾಲ್ಲೂಕಿನ ಒಂದು ಮನೆಯಲ್ಲಿ ಇದಕ್ಕೆ ಹೆಸರಿದೆ. ನೋಡಿ: ನನ್ನ ಸಹಪಾಠಿಯ ಪ್ರಬಂಧ, ಪುಟ 41.”